ಕೇರಿಯ ಬಯಲು ಮತ್ತು ಕಾಲ್ಚೆಂಡು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ನಿರ್ಮಾಣ, ಗುರುಗಳ ತ್ಯಾಗ, ಶಾಲೆಗಳ ಬೆಳವಣಿಗೆ ಇವುಗಳ ಚರಿತ್ರೆ ಬರುವುದು ಸಹಜವೇ. ಆದರೆ ಭಾನುವಾರದ ಬಲಿಪೂಜೆ ಮುಗಿದೊಡನೆ ಚೆಂಡು ಹಿಡಿದು ಬಯಲಿಗೆ ಓಡುವ ಹುಡುಗರಿಗೂ ಒಂದು ಚರಿತ್ರೆಯುಂಟು. ಅದನ್ನು ಬರೆದಿಡುವ ಗೋಜಿಗೆ ಹೋದವರು ವಿರಳ. ಆ ಕೊರತೆಯತ್ತ ಬಂಧುಗಳ ಗಮನ ಸೆಳೆಯುವುದೇ ಈ ಬರಹದ ಉದ್ದೇಶ.

ಕಾಲ್ಚೆಂಡಾಟದ ನಿಯಮಗಳು ರೂಪುಗೊಂಡದ್ದು 1863ರಲ್ಲಿ, ಲಂಡನ್ನಿನಲ್ಲಿ. ನಮ್ಮ ನಾಡಿಗೆ ಅದನ್ನು ತಂದವರು ಆಂಗ್ಲ ಸೈನಿಕರು ಹಾಗೂ ಶಾಲೆಗಳನ್ನು ನಡೆಸಿದ ಮಿಷನರಿಗಳು. 1888ರಲ್ಲಿ ಡುರಾಂಡ್ ಕಪ್, 1891ರಲ್ಲಿ ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿಗಳು ಆರಂಭವಾದವು. ಬಹುಕಾಲ ಆ ಪ್ರಶಸ್ತಿಗಳು ಆಂಗ್ಲ ಪಡೆಗಳ ಪಾಲೇ ಆಗಿದ್ದವು. 1911ರ ಜುಲೈ 29ರಂದು ಕಲ್ಕತ್ತೆಯ ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ಪಡೆಯನ್ನು 2-1ರಿಂದ ಮಣಿಸಿ ಐ.ಎಫ್.ಎ. ಶೀಲ್ಡ್ ಗೆದ್ದಿತು. ಅಂದು ಹತ್ತು ಮಂದಿ ಬರಿಗಾಲಿನಲ್ಲೇ ಆಡಿದರು. ಬೂಟು ತೊಟ್ಟಿದ್ದವರು ಒಬ್ಬರೇ, ಕ್ರೈಸ್ತರಾದ ಸುಧೀರ್ ಚಟರ್ಜಿ.

ನಮ್ಮ ರಾಜ್ಯದ ಪಾಲೂ ಹಿರಿದಾದುದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಸಂಘವು ರೋವರ್ಸ್ ಕಪ್ ಗೆದ್ದ ಮೊತ್ತಮೊದಲ ಭಾರತೀಯ ನಾಗರಿಕ ತಂಡವಾಯಿತು. ಮರುವರ್ಷವೂ ಅದೇ ವಿಜಯ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತವು ಫ್ರಾನ್ಸಿಗೆ 1-2ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಆ ಒಂದು ಗೋಲನ್ನು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಅಂದು ಅವರ ಜೊತೆಗಿದ್ದ ಬೆಂಗಳೂರಿನ ಅಹ್ಮದ್ ಖಾನ್ 1951ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣಪದಕ ಗೆದ್ದ ತಂಡದಲ್ಲಿಯೂ ಇದ್ದರು. ಒಂದೇ ತಂಡದಲ್ಲಿ ರಾಮನ್, ಅಹ್ಮದ್! ಚೆಂಡಿಗೆ ಜಾತಿ ಮತಗಳ ಗೊಡವೆಯಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಬಾರಿ ಗೆದ್ದಿತು; ನಾಲ್ಕನೆಯದು 1968-69ರಲ್ಲಿ. ಅನಂತರ ಅರ್ಧ ಶತಮಾನಕ್ಕೂ ಮೀರಿದ ನಿರೀಕ್ಷೆ. ಕೊನೆಗೆ 2023ರ ಮಾರ್ಚ್‌ನಲ್ಲಿ, ದೂರದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕವು ಅದನ್ನು ಮರಳಿ ಪಡೆಯಿತು.

ಈ ಗೆಲುವುಗಳ ಬೇರು ಎಲ್ಲಿದೆ? ದೊಡ್ಡ ಕ್ರೀಡಾಂಗಣಗಳಲ್ಲಲ್ಲ, ಕೇರಿಯ ಬಯಲುಗಳಲ್ಲಿ. ಬೆಂಗಳೂರಿನ ಹಲಸೂರಿನ ಬಳಿ ಗೌತಮಪುರವೆಂಬ ಚಿಕ್ಕ ಬಡಾವಣೆಯಿದೆ. ಬಡವರ ಕೇರಿ, ಆದರೆ ಆಟಗಾರರ ತವರು. ಅಲ್ಲಿನ ಜನರು ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಪ್ರತಿಮೆಗಳೊಡನೆ ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ದೀನರ ಸೇವೆಗೆ ಬದುಕು ಸವೆಸಿದ ತಾಯಿಯ ಪಕ್ಕದಲ್ಲಿ ಚೆಂಡಾಟದವನಿಗೂ ಸ್ಥಾನವಿತ್ತ ಆ ಜನರ ಮನಸ್ಸು ನಮಗೆ ಪಾಠವಾಗಬೇಕು.

ನಮ್ಮ ಧರ್ಮಸಭೆಗೂ ಇದು ಹೊಸ ವಿಚಾರವಲ್ಲ. ಸಂತ ಜಾನ್ ಬೋಸ್ಕೊ 1841ರಲ್ಲಿ ಟ್ಯೂರಿನ್ ನಗರದ ಅನಾಥ ಬಾಲಕರನ್ನು ಕೂಡಿಸಿಕೊಂಡಾಗ ಅವರಿಗೆ ಪ್ರಾರ್ಥನೆಯೊಡನೆ ಪಾಠವನ್ನೂ ಆಟವನ್ನೂ ಕೊಟ್ಟರು. ಅಂಗಳದಲ್ಲಿ ಬಾಲಕನ ಗೆಳೆತನ ಗಳಿಸಿದ ಗುರುವಿನ ಮಾತು ಗುಡಿಯಲ್ಲಿಯೂ ಅವನ ಹೃದಯ ಮುಟ್ಟುತ್ತದೆಂಬುದು ಅವರ ನಂಬಿಕೆ. ಆ ಸಂತರ ಸಂಸ್ಥೆಯು ನಮ್ಮ ಹೊಸಪೇಟೆಯಲ್ಲಿಯೂ ಸೇವೆ ಸಲ್ಲಿಸುತ್ತಿದೆ.

ಇಂದು ನಮ್ಮ ಸೀಮೆಯಲ್ಲೇ, ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ, 2018ರಲ್ಲಿ ಆರಂಭಗೊಂಡ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಿದೆ. ದೇಶದ ನಾನಾ ಭಾಗಗಳ ಮಕ್ಕಳು ಅಲ್ಲಿಗೆ ಬಂದು ತರಬೇತಿ ಪಡೆಯುತ್ತಾರೆ. ಇದು ಹೆಮ್ಮೆಯ ಸಂಗತಿ. ಆದರೆ ದೂರದ ಮಕ್ಕಳು ಇಲ್ಲಿ ಕಲಿಯುತ್ತಿರುವಾಗ ಕಂಪ್ಲಿಯ ಗದ್ದೆಯಂಚಿನ, ಸಂಡೂರಿನ ಕೆಂಪು ಮಣ್ಣಿನ, ಹಂಪಿಯ ಬಂಡೆಗಳ ನಡುವಿನ ನಮ್ಮ ಮಕ್ಕಳಿಗೆ ಆಡಲು ಸಮತಟ್ಟಾದ ಒಂದು ಬಯಲು ಉಳಿದಿದೆಯೇ? ಬಯಲು ಮನೆನಿವೇಶನವಾದರೆ ಸಂಘವೂ ಅಳಿಯುತ್ತದೆ. ಬರೆದಿಡದಿದ್ದರೆ ಅದರ ನೆನಪೂ ಅಳಿಯುತ್ತದೆ.

ಆದುದರಿಂದ ನಮ್ಮ ಬಿನ್ನಹ ಎರಡೇ. ಧರ್ಮಕೇಂದ್ರದ ಅಂಗಳದಲ್ಲಿ ಹುಡುಗರಿಗೂ ಹುಡುಗಿಯರಿಗೂ ಆಟದ ಜಾಗವನ್ನು ಕಾಪಾಡೋಣ. ಹಿರಿಯರ ಬಾಯಿಂದ ಹಳೆಯ ಆಟಗಾರರ ಹೆಸರುಗಳನ್ನು ಕೇಳಿ, ಹಳೆಯ ಛಾಯಾಚಿತ್ರಗಳ ಹಿಂದೆ ಬರೆದಿಡೋಣ. ಜ್ಞಾನಸ್ನಾನದ ದಾಖಲೆಯನ್ನು ನೂರು ವರ್ಷ ಜೋಪಾನ ಮಾಡಬಲ್ಲ ಧರ್ಮಕೇಂದ್ರಕ್ಕೆ ಇನ್ನೊಂದು ಪುಸ್ತಕವು ಭಾರವಾಗಲಾರದು. ಓಟದ ಸ್ಪರ್ಧೆಯನ್ನು ಭಕ್ತಜೀವನಕ್ಕೆ ಹೋಲಿಸಿದ ಸಂತ ಪೌಲರು ಇದನ್ನು ಮೆಚ್ಚದಿರುವರೇ?