ಅರಣ್ಯ ಜಮೀನಿನ ಹಕ್ಕು: ಫಾರಂ 57 ಬೇರೆ, ಈ ಅರ್ಜಿ ಬೇರೆ

ಗುಡ್ಡದ ಅಂಚಿನಾಗ ಅಜ್ಜನ ಕಾಲದಿಂದ ಉಳುಮೆ ಮಾಡಿಕೊಂಡು ಬಂದವರು ಹಕ್ಕುಪತ್ರದ ಮಾತು ಬಂದ್ರೆ ಫಾರಂ 57 ಹಿಡಿದು ತಹಶೀಲ್ದಾರ್ ಕಚೇರಿಗೆ ಹೋಗ್ತಾರೆ. ಜಮೀನು ಅರಣ್ಯ ಇಲಾಖೆ ಲೆಕ್ಕದಾಗ ಇದ್ರೆ ಅದರಿಂದ ಕೆಲಸ ಆಗಂಗಿಲ್ಲ. ಬಗರ್ ಹುಕುಂ ಇರೋದು ಕಂದಾಯ ಜಮೀನಿಗೆ. ಅರಣ್ಯ ಭೂಮಿಗೆ 2006ರ ಅರಣ್ಯ ಹಕ್ಕು ಕಾಯ್ದೆಯೇ ದಾರಿ. ಹಾಗಾಗಿ ಮೊದಲು ಪಹಣಿ ತೆಗೆಸಿ ನೋಡಬೇಕು.

ಬ್ರಿಟಿಷರ ಕಾಲದಿಂದಲೂ ಕಾಡಿಗೆ ಗಡಿ ಹಾಕಿದಾಗ ಒಳಗಿದ್ದವರ ಹಕ್ಕನ್ನು ಸರಿಯಾಗಿ ಬರೆದುಕೊಳ್ಳಲಿಲ್ಲ. ಇದು ಐತಿಹಾಸಿಕ ಅನ್ಯಾಯ ಅಂತ ಕಾಯ್ದೆಯ ಪೀಠಿಕೆಯೇ ಒಪ್ಪಿಕೊಂಡಿದೆ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದೊಳಗೇ 2011ರಲ್ಲಿ ಸಮುದಾಯ ಹಕ್ಕು ಪಡೆದರು. ದೇಶದಲ್ಲಿ ಅದೇ ಮೊದಲು. ನಾಗರಹೊಳೆಯ ಜೇನುಕುರುಬರಿಗೆ ಮಾತ್ರ ಹೋರಾಟ ಮುಗಿದಿಲ್ಲ. ತಮ್ಮನ್ನು ಒಕ್ಕಲೆಬ್ಬಿಸಿದ್ದ ಕರಡಿಕಲ್ಲು ಹಾಡಿಗೆ 2025ರ ಮೇ ತಿಂಗಳಲ್ಲಿ ಹಲವು ಕುಟುಂಬಗಳು ತಾವಾಗೇ ವಾಪಸ್ ಹೋದವು.

ಕಾಯ್ದೆ ಅಡಿ ಪರಿಶಿಷ್ಟ ಪಂಗಡದವರು (ಈ ಭಾಗದಾಗ ವಾಲ್ಮೀಕಿ ನಾಯಕರು) ಅರಣ್ಯವನ್ನೇ ನಂಬಿ ಬದುಕಿದ್ದು, 2005ರ ಡಿಸೆಂಬರ್ 13ಕ್ಕಿಂತ ಮೊದಲು ಸಾಗುವಳಿಯಲ್ಲಿದ್ದರೆ ಸಾಕು. ಉಳಿದವರು ಆ ದಿನಕ್ಕೆ ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲೇ ವಾಸ ಇದ್ದದ್ದನ್ನು ತೋರಿಸಬೇಕು. 1930ರ ಕಾಗದ ಯಾರ ಮನ್ಯಾಗ ಇರ್ತದ? ಕಾಗದ ಒಂದೇ ಸಾಕ್ಷಿ ಅಲ್ಲ ಅನ್ನೋದು ಸಮಾಧಾನ. ಊರ ಹಿರಿಯರ ಹೇಳಿಕೆ ಬರೆಸಿಕೊಳ್ಳಬಹುದು, ಹಳೆ ಬಾವಿ, ಗೋರಿ, ದೇವರ ಜಾಗ ಕೂಡ ನಡೀತದ. ಕನಿಷ್ಠ ಎರಡು ಸಾಕ್ಷಿ ಬೇಕು.

ಅರ್ಜಿ ಕೊಡೋದು ಅರಣ್ಯ ಇಲಾಖೆಗಲ್ಲ, ಗ್ರಾಮ ಸಭೆಯ ಅರಣ್ಯ ಹಕ್ಕು ಸಮಿತಿಗೆ. ಅಲ್ಲಿಂದ ಉಪವಿಭಾಗ ಸಮಿತಿಗೆ, ಕೊನೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಗೆ ಹೋಗ್ತದ. ಸಾಗುವಳಿ ಇದ್ದಷ್ಟೇ, ಹೆಚ್ಚೆಂದರೆ 4 ಹೆಕ್ಟೇರ್ ಸಿಗ್ತದ. ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಪತ್ರ ಆಗ್ತದ. ಮಕ್ಕಳಿಗೆ ಬರ್ತದ, ಮಾರಾಕ ಬರಂಗಿಲ್ಲ. ಕುರಿ ಮೇಯಿಸುವ ಹಕ್ಕಿಗೂ ಇದೇ ಕಾಯ್ದೆಯಡಿ ಊರವರು ಒಟ್ಟಾಗಿ ಅರ್ಜಿ ಹಾಕಬಹುದು. ಕುರಿಗಾರರಿಗೆ ಈ ಮಾತು ತಲುಪಿದ್ದು ಕಡಿಮೆ.

ಅರ್ಜಿ ತಿರಸ್ಕಾರ ಆದ್ರೆ ಕಾರಣವನ್ನು ಬರಹದಲ್ಲೇ ಕೇಳಿ ಪಡೀಬೇಕು. ಮೇಲಿನ ಸಮಿತಿಗೆ ಹೋಗಲು 60 ದಿನ ಟೈಮ್ ಇರ್ತದ. ಅರ್ಜಿಯ ಪರಿಶೀಲನೆ ಪೂರ್ತಿ ಮುಗಿಯೋತನಕ ಯಾರನ್ನೂ ಎಬ್ಬಿಸುವಂತಿಲ್ಲ.