ಹಳೇ ಇಂಕ್ ಪೆನ್ನಿಗೆ ಹೊಸ ನಿಬ್ಬು

ಹಿಂದೂಪುರ, ಕಲ್ಯಾಣದುರ್ಗ ಕಡೆಯ ಮನೆಗಳಲ್ಲಿ ಅಜ್ಜನ ಕಾಲದ ಇಂಕ್ ಪೆನ್ನು ಇದ್ದರೆ, ನಿಬ್ಬು (ತೆಲುಗಿನವರ 'ಪಾಳಿ') ಹೋಯಿತೆಂದು ಎಸೆಯಬೇಡಿ. 1932ರಲ್ಲಿ ರಾಜಮಂಡ್ರಿಯಲ್ಲಿ ಶುರುವಾದ ರತ್ನಂ ಪೆನ್ನಿನಂಥ ಎಬೊನೈಟ್ ಪೆನ್ನುಗಳಲ್ಲಿ ಸಾಮಾನ್ಯವಾಗಿ ನಿಬ್ಬು, ಅದರಡಿಯ ನಾಲಗೆ ಎರಡೂ ಬಿಗಿತದಿಂದಲೇ ನಿಂತಿರುತ್ತವೆ. ಎರಡನ್ನೂ ಒಟ್ಟಿಗೆ ಹಿಡಿದು ನೇರವಾಗಿ ಎಳೆಯಬೇಕು. ಅಡ್ಡಾದಿಡ್ಡಿ ತಿರುಚಿದರೆ ನಾಲಗೆ ಮುರಿಯುತ್ತದೆ. ಅದನ್ನು ಹುಡುಕುವುದು ನಿಬ್ಬಿಗಿಂತ ಕಷ್ಟ. ಬಿಸಿನೀರಿನಲ್ಲಿ ನೆನೆಸಬೇಡಿ, ಎಬೊನೈಟ್ ಬಣ್ಣಗೆಡುತ್ತದೆ.

ನಿಬ್ಬಿನ ಮೇಲಿನ ನಂಬರ್ ನೋಡಿ ಕೊಂಡರೆ ಸಾಲದು. 5, 6 ಎಂಬ ಅಳತೆ ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲ. ಅಗಲ, ಉದ್ದ, ಬಾಗು ಮೂರೂ ಹೊಂದಬೇಕಾದ್ದರಿಂದ ಹಳೇ ನಿಬ್ಬನ್ನೇ ಅಂಗಡಿಗೆ ಒಯ್ಯಿರಿ.

ಅಮೆರಿಕದ ಹಳೇ ಎಸ್ಟರ್‌ಬ್ರೂಕ್ ಪೆನ್ನಿನದು ಸಲೀಸು. ಅದರ ನಿಬ್ಬು ನಾಲಗೆ ಸಮೇತ ಸ್ಕ್ರೂನಂತೆ ತಿರುಗಿ ಬಿಚ್ಚುತ್ತದೆ. 2668, 9668 ಎರಡೂ ಮಧ್ಯಮ ಬರಹದವು. 9ರಿಂದ ಶುರುವಾಗುವುದರ ತುದಿಗೆ ಗಟ್ಟಿ ಲೋಹ ಕೂರಿಸಿರುವುದರಿಂದ ಬೇಗ ಸವೆಯದು.