ಬ್ರಿಟನ್ನಿನ ಬೀದಿ ಗ್ಯಾಂಗುಗಳು (1945ರ ನಂತರ)

ಎರಡನೆಯ ಮಹಾಯುದ್ಧದ ಅನಂತರ ಬ್ರಿಟನ್ನಿನ ನಗರಗಳಲ್ಲಿ ಬೆಳೆದ ಯುವಕರ ಗುಂಪುಗಳು. ಬೀದಿ ಗ್ಯಾಂಗು ಅಲ್ಲಿಗೆ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಮ್ಯಾಂಚೆಸ್ಟರಿನಲ್ಲಿ ಸ್ಕಟ್ಲರ್‌ಗಳೂ ಬರ್ಮಿಂಗ್‌ಹ್ಯಾಮಿನಲ್ಲಿ ಪೀಕಿ ಬ್ಲೈಂಡರ್‌ಗಳೂ ಇದ್ದರು. ಕ್ಷೌರದ ಕತ್ತಿ ಹಿಡಿದು ಕಾದಾಡುವ ಗುಂಪುಗಳಿಂದ 1930ರ ದಶಕದ ಗ್ಲಾಸ್ಗೋ ಕುಖ್ಯಾತವಾಗಿತ್ತು. ಯುದ್ಧದ ಬಳಿಕ ಬದಲಾದದ್ದು ಗುಂಪು ಕಟ್ಟುವ ಉದ್ದೇಶ. ಮೊದಲು ಉಡುಪು, ಸಂಗೀತ, ಕೇರಿಯ ಅಭಿಮಾನಗಳಿಗಾಗಿ ಹೊಡೆದಾಟ ನಡೆಯುತ್ತಿತ್ತು. 1980ರ ದಶಕದಿಂದೀಚೆಗೆ ಕೆಲವು ಗುಂಪುಗಳು ಮಾದಕವಸ್ತು ಮಾರಾಟಕ್ಕೆ ಇಳಿದವು.

ಟೆಡ್ಡಿ ಬಾಯ್‌ಗಳು: ಪಡಿತರ ಪದ್ಧತಿ 1954ರಲ್ಲಿ ಪೂರ್ತಿ ಕೊನೆಗೊಂಡಿತು. ಕಾರ್ಖಾನೆಗಳಲ್ಲಿ ಕೆಲಸಕ್ಕೆ ಕೊರತೆಯಿರಲಿಲ್ಲ. ದುಡಿಯುವ ವರ್ಗದ ಹುಡುಗರ ಜೇಬಿನಲ್ಲಿ ಮೊದಲ ಬಾರಿಗೆ ಸ್ವಂತ ಖರ್ಚಿನ ಹಣ ಉಳಿಯಿತು. ಮೊಣಕಾಲವರೆಗಿನ ಕೋಟು, ಅದಕ್ಕೆ ಮಖಮಲ್ಲಿನ ಕಾಲರು, ಬಿಗಿಯಾದ ಪ್ಯಾಂಟು, ದಪ್ಪ ರಬ್ಬರ್ ಅಟ್ಟೆಯ ಬೂಟು ಇವರ ಗುರುತಾದವು. 1953ರಲ್ಲಿ ಲಂಡನ್ನಿನ ಕ್ಲ್ಯಾಪಮ್ ಕಾಮನ್ ಬಳಿ ನಡೆದ ಕೊಲೆಯಿಂದ ಇವರ ಹೆಸರು ಪತ್ರಿಕೆಗಳ ಮುಖಪುಟಕ್ಕೇರಿತು. 1956ರಲ್ಲಿ ‘ರಾಕ್ ಅರೌಂಡ್ ದ ಕ್ಲಾಕ್’ ಚಿತ್ರ ಬಂದಾಗ ಕೆಲವು ಟಾಕೀಸುಗಳಲ್ಲಿ ಕುಣಿತದ ಜೊತೆಗೆ ಸೀಟುಗಳನ್ನು ಕೊಯ್ದು ಹಾಕಿದ್ದೂ ಉಂಟು. ಎರಡು ವರ್ಷದ ನಂತರ ಈ ಪುಂಡಾಟ ವರ್ಣದ್ವೇಷಕ್ಕೆ ತಿರುಗಿತು: 1958ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಬಿಳಿಯ ಯುವಕರು ಕೆರಿಬಿಯನ್ ವಲಸಿಗರ ಮೇಲೆ ದಾಳಿ ನಡೆಸಿದರು.

ಮಾಡ್‌ಗಳು, ರಾಕರ್‌ಗಳು: 1964ರ ಈಸ್ಟರ್ ರಜೆಯಲ್ಲಿ ಕ್ಲ್ಯಾಕ್ಟನ್‌ನಲ್ಲೂ, ಮೇ ತಿಂಗಳಲ್ಲಿ ಮಾರ್ಗೇಟ್, ಬ್ರೈಟನ್ ಕಡಲತೀರಗಳಲ್ಲೂ ಸ್ಕೂಟರಿನ ಮಾಡ್‌ಗಳಿಗೂ ಮೋಟಾರ್‌ಸೈಕಲ್ಲಿನ ರಾಕರ್‌ಗಳಿಗೂ ಜಗಳವಾಯಿತು. ಇದನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೋಹೆನ್, ನಡೆದದ್ದಕ್ಕಿಂತ ಪತ್ರಿಕೆಗಳ ವರದಿಯೇ ದೊಡ್ಡದಾಗಿತ್ತೆಂದು 1972ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಅದೇ ಕಾಲದಲ್ಲಿ ಪೂರ್ವ ಲಂಡನ್ನಿನಲ್ಲಿ ಹಫ್ತಾ ವಸೂಲಿ ಮಾಡುತ್ತಿದ್ದ ಕ್ರೇ ಸಹೋದರರದು ಬೇರೆಯೇ ಲೋಕ. ಅದು ವಯಸ್ಕರ ಸಂಘಟಿತ ಅಪರಾಧ. 1969ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು.

ಗ್ಲಾಸ್ಗೋ: ಕೊಳೆಗೇರಿಗಳನ್ನು ಕೆಡವಿ ಸಾವಿರಾರು ಕುಟುಂಬಗಳನ್ನು ನಗರದಂಚಿನ ಈಸ್ಟರ್‌ಹೌಸ್‌ನಂಥ ಬಡಾವಣೆಗಳಿಗೆ ಸಾಗಿಸಲಾಯಿತು. ಅಲ್ಲಿ ಮನೆಗಳಿದ್ದವು, ಹುಡುಗರು ಸಂಜೆ ಕಳೆಯಲು ಜಾಗಗಳಿರಲಿಲ್ಲ. ಒಂದೊಂದು ಬೀದಿಗೂ ಒಂದೊಂದು ಗ್ಯಾಂಗು ಹುಟ್ಟಿಕೊಂಡಿತು. 1968ರಲ್ಲಿ ಗಾಯಕ ಫ್ರ್ಯಾಂಕಿ ವಾನ್ ಅಲ್ಲಿಗೇ ಹೋಗಿ ಹುಡುಗರೊಡನೆ ಮಾತಾಡಿ, ಆಯುಧ ಒಪ್ಪಿಸುವಂತೆ ಮನವೊಲಿಸಿದ.

ಸ್ಕಿನ್‌ಹೆಡ್‌ಗಳು, ಫುಟ್‌ಬಾಲ್ ‘ಫರ್ಮ್’ಗಳು: 1960ರ ದಶಕದ ಕೊನೆಗೆ ತಲೆ ಬೋಳಿಸಿ, ಭಾರದ ಬೂಟು ತೊಟ್ಟ ಸ್ಕಿನ್‌ಹೆಡ್‌ಗಳು ಬಂದರು. ಜಮೈಕಾದ ಸಂಗೀತವನ್ನು ಮೆಚ್ಚುತ್ತಿದ್ದವರ ನಡುವೆಯೇ ಏಷ್ಯನ್ನರನ್ನು ಹೊಡೆಯುವವರೂ ಇದ್ದರು. ಮುಂದೆ ಒಂದು ಪಾಲು ಬಲಪಂಥೀಯ ನ್ಯಾಷನಲ್ ಫ್ರಂಟ್ ಕಡೆಗೆ ವಾಲಿತು. ಲಂಡನ್ನಿನ ಸೌತಾಲ್‌ನಲ್ಲಿ 1976ರಲ್ಲಿ ಸಿಖ್ ಯುವಕನೊಬ್ಬನ ಕೊಲೆಯಾದ ಮೇಲೆ ದಕ್ಷಿಣ ಏಷ್ಯಾ ಮೂಲದ ಯುವಕರು ಆತ್ಮರಕ್ಷಣೆಗಾಗಿ ಸಂಘಟಿತರಾದರು. ಫುಟ್‌ಬಾಲ್ ಅಭಿಮಾನಿಗಳಲ್ಲೂ ಗ್ಯಾಂಗುಗಳು ಬೆಳೆದವು. ವೆಸ್ಟ್ ಹ್ಯಾಮ್ ತಂಡದ ‘ಇಂಟರ್ ಸಿಟಿ ಫರ್ಮ್’ ಪೊಲೀಸರ ಕಣ್ಣಿಗೆ ಬೀಳದಂತೆ ಅಭಿಮಾನಿಗಳ ವಿಶೇಷ ರೈಲು ಬಿಟ್ಟು ಸಾಮಾನ್ಯ ಇಂಟರ್ ಸಿಟಿ ರೈಲಿನಲ್ಲಿ ಪ್ರಯಾಣ ಮಾಡುತ್ತಿತ್ತು. ಹೊಡೆತ ತಿಂದವರ ಬಳಿ ತನ್ನ ಹೆಸರಿನ ಕಾರ್ಡು ಬಿಟ್ಟುಹೋಗುತ್ತಿತ್ತು. 1985ರಲ್ಲಿ ಬ್ರಸೆಲ್ಸಿನ ಹೈಸಲ್ ಕ್ರೀಡಾಂಗಣದಲ್ಲಿ ಇಂಗ್ಲಿಷ್ ಅಭಿಮಾನಿಗಳ ದಾಂಧಲೆಯಿಂದ 39 ಮಂದಿ ಸತ್ತ ಬಳಿಕ ಸರ್ಕಾರದ ಕ್ರಮಗಳು ಬಿಗಿಯಾದವು.

ಮಾದಕವಸ್ತು, ಬಂದೂಕು: 1982ರ ಹೊತ್ತಿಗೆ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಶಾಲೆ ಬಿಟ್ಟವನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗುವ ಕಾಲ ಮುಗಿದಿತ್ತು. ಅದೇ ದಶಕದಲ್ಲಿ ಹೆರಾಯಿನ್, ಆಮೇಲೆ ಕ್ರ್ಯಾಕ್ ಕೊಕೇನ್ ಹರಡಿದವು. ಹಿಂದೆ ಮರ್ಯಾದೆಯ ಪ್ರಶ್ನೆಯಾಗಿದ್ದ ಬೀದಿ ಈಗ ಆದಾಯ ತರುವ ಜಾಗವಾಯಿತು. ಮ್ಯಾಂಚೆಸ್ಟರಿನ ಮಾಸ್ ಸೈಡ್‌ನಲ್ಲಿ ಗೂಚ್ ಮತ್ತು ಡಾಡಿಂಗ್ಟನ್ ಗ್ಯಾಂಗುಗಳು ತಮ್ಮ ಬೀದಿಯ ಹೆಸರನ್ನೇ ಇಟ್ಟುಕೊಂಡು ಗುಂಡಿನ ಕಾಳಗಕ್ಕಿಳಿದವು. 2003ರ ಜನವರಿ 2ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಹೊಸ ವರ್ಷದ ಪಾರ್ಟಿಯ ಹೊರಗೆ ಬರ್ಗರ್ ಬಾರ್ ಬಾಯ್ಸ್ ಗ್ಯಾಂಗಿನವರು ಹಾರಿಸಿದ ಗುಂಡಿಗೆ, ಗ್ಯಾಂಗುಗಳ ವೈರದ ಗೋಜಿಗೇ ಹೋಗದ ಇಬ್ಬರು ಹದಿಹರೆಯದ ಹುಡುಗಿಯರು ಬಲಿಯಾದರು.

ಕೌಂಟಿ ಲೈನ್ಸ್: 2010ರ ದಶಕದಲ್ಲಿ ಮಾದಕವಸ್ತು ವ್ಯಾಪಾರ ದೊಡ್ಡ ನಗರಗಳನ್ನು ದಾಟಿ ಚಿಕ್ಕ ಊರುಗಳಿಗೂ ಕಡಲತೀರದ ಪಟ್ಟಣಗಳಿಗೂ ಹೋಯಿತು. ಇಲ್ಲಿ ಬಂಡವಾಳವೆಂದರೆ ಗಿರಾಕಿಗಳಿಗೆ ಗೊತ್ತಿರುವ ಒಂದು ಮೊಬೈಲ್ ನಂಬರು. ಆರ್ಡರು ನಗರದಲ್ಲಿ ಬರುತ್ತದೆ; ಮಾಲನ್ನು ಹದಿನೈದು ಹದಿನಾರರ ಮಕ್ಕಳು ರೈಲಿನಲ್ಲಿ ಹೊತ್ತೊಯ್ಯುತ್ತಾರೆ; ಯಾವುದೋ ವ್ಯಸನಿಯ ಮನೆಯನ್ನು ಆಕ್ರಮಿಸಿ ಅಲ್ಲಿಂದ ಮಾರುತ್ತಾರೆ. ಸಾಲದಲ್ಲಿ ಸಿಕ್ಕಿಸಿ, ಬೆದರಿಸಿ ಮಕ್ಕಳನ್ನು ದುಡಿಸುವ ಕಾರಣ 2015ರ ಆಧುನಿಕ ಗುಲಾಮಗಿರಿ ಕಾಯಿದೆಯನ್ನೂ ಇಂಥವರ ಮೇಲೆ ಬಳಸಲಾಗುತ್ತಿದೆ.

ನಿಯಂತ್ರಣ: ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ಪೊಲೀಸರು 2005ರಲ್ಲಿ ಹಿಂಸಾಚಾರ ಇಳಿಕೆ ಘಟಕ ತೆರೆದು, ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಕಂಡು, ಉದ್ಯೋಗ ಮತ್ತು ಸಲಹೆಗೆ ಒತ್ತು ಕೊಟ್ಟರು. ಲಂಡನ್ ಪೊಲೀಸರು 2011ರ ದಂಗೆಗಳ ಬಳಿಕ ಶಂಕಿತರ ಪಟ್ಟಿಯಾದ ‘ಗ್ಯಾಂಗ್ಸ್ ಮ್ಯಾಟ್ರಿಕ್ಸ್’ ರೂಪಿಸಿದರು. ಅದರಲ್ಲಿದ್ದ ಸುಮಾರು 3,800 ಹೆಸರುಗಳಲ್ಲಿ ಶೇ. 78 ಕಪ್ಪು ಜನಾಂಗದವರದೆಂದು 2018ರಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ವರದಿ ಮಾಡಿತು. ಪಟ್ಟಿ ದತ್ತಾಂಶ ರಕ್ಷಣಾ ನಿಯಮಗಳನ್ನು ಮೀರಿದೆಯೆಂದು ಅದೇ ವರ್ಷ ಮಾಹಿತಿ ಆಯುಕ್ತರ ಕಚೇರಿ ಹೇಳಿತು. 2024ರ ಫೆಬ್ರವರಿಯಲ್ಲಿ ಪೊಲೀಸರು ಅದನ್ನು ಕೈಬಿಟ್ಟರು.